ಹೊಲಿಗೆಗೊಂದು ವಾರ

ಕೆ.ಬಿ. ಬಡಾವಣೆ, ದಾವಣಗೆರೆ
ಮಂಗಳವಾರ, 4-2-2025

ಚಿ. ಸೌ. ಅಂಬಿಕಾಳಿಗೆ ಅತ್ತೆ ಕೊಟ್ರವ್ವನ ಆಶೀರ್ವಾದ.

ಹೇಗಿದ್ದೀಯವ್ವ? ಕಾಗದ ಬರೆಯುವಾಗ ಕೇಳಬೇಕಲ್ಲ ಎಂದು ಕೇಳುತ್ತಿಲ್ಲ, ಉತ್ತರ ಬೇಕೆಂದೇ ಕೇಳುತ್ತಿದ್ದೇನೆ. ಕೂತು ಏಳುವಾಗ ನೋವಿದೆಯೋ? ಕೆಮ್ಮು ಬಂದರೆ ಹೊಟ್ಟೆ ಹಿಡಿದುಕೊಳ್ಳಬೇಕಾಗುತ್ತದೆಯೋ? ಮತ್ತೆ ಕೆಂಪು ಕಾಣಿಸಿತೋ? ಕಬ್ಬಿಣದ ಮಾತ್ರೆ ನುಂಗಿದರೆ ನಿನಗೆ ಹೊಟ್ಟೆ ಕಟ್ಟುತ್ತದೆ, ಈಗ ತಿಣುಕುವುದು ಒಳ್ಳೆಯದಲ್ಲ, ಎರಡು ಅಂಜೂರ ನೆನೆಸಿಟ್ಟು ಬೆಳಿಗ್ಗೆ ತಿನ್ನು. ಬೀಗತಿಯವರ ಮಂಡಿ ನೋವು ಹೇಗಿದೆ? ನಿಮ್ಮ ಮನೆ ಹೊಳೆಗೆ ಹತ್ತಿರ, ಬೆಳಗಿನ ಗಾಳಿ ತಣ್ಣಗಿರುತ್ತದೆ, ಹೊರಗೆ ಬಂದು ಕೂರುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಇಷ್ಟಕ್ಕೆಲ್ಲ ನೀನು ಒಂದು ಸಾಲಿನಲ್ಲಾದರೂ ಬರೆದು ತಿಳಿಸು. ನನಗೆ ಬರೆಯಲು ನಿನಗೆ ಮನಸ್ಸಿಲ್ಲದಿದ್ದರೆ ಮಗಳಿಗೆ ಹೇಳು, ಅವಳು ನನಗೆ ಹೇಳುತ್ತಾಳೆ.

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು. ಇಷ್ಟು ದೂರಕ್ಕೆ ಈ ಕಾಲದಲ್ಲಿ ಕಾಗದ ಬರೆಯುವವಳು ನಾನೊಬ್ಬಳೇ ಇರಬೇಕು. ನಿನ್ನ ಮಗಳು ಆಶಾರಾಣಿಯೂ ನಕ್ಕಳು. "ಅಜ್ಜಿ, ವಾಟ್ಸಾಪ್‌ನಾಗ ಮಾತಾಡಿ ಕಳ್ಸು, ಅಮ್ಮ ಕೇಳ್ತಾಳ" ಎಂದಳು. ನೀನು ನನ್ನ ಫೋನು ಎತ್ತುತ್ತಿಲ್ಲ. ಎತ್ತದೆ ಇದ್ದದ್ದೇ ಒಳ್ಳೆಯದಾಯಿತು ಬಿಡು. ಫೋನು ಹಿಡಿದರೆ ನನ್ನ ದನಿ ನನ್ನ ಮಾತು ಕೇಳುವುದಿಲ್ಲ. ಹೇಗಿದ್ದೀ ಎಂದು ಕೇಳಲು ಹೋದರೂ ಇನ್ನೂ ಎಷ್ಟು ದಿನ ಮಲಗುತ್ತೀ ಎಂದು ಗದರಿಸಿದಂತೆಯೇ ಕೇಳಿಸುತ್ತದೆ. ಆನಗೋಡಿನ ಅಂಗನವಾಡಿಯಲ್ಲಿ ಮೂವತ್ತೆರಡು ವರ್ಷ ಮಕ್ಕಳನ್ನು ಹದ್ದುಬಸ್ತಿನಲ್ಲಿಟ್ಟ ಗಂಟಲು ಇದು, ಇನ್ನು ಈ ವಯಸ್ಸಿನಲ್ಲಿ ಮೆತ್ತಗಾಗುವುದಿಲ್ಲ. ಬರೆಯುವಾಗ ಕೈ ನಿಧಾನ. ಒಂದು ಮಾತಿನ ಮೇಲೆ ಇನ್ನೊಂದು ಮಾತು ಬೀಳುವುದಿಲ್ಲ. ಅದಕ್ಕೇ ಕಾಗದ ಹಿಡಿದು ಕೂತೆ.

ಮನೆಯ ಸುದ್ದಿ ಕೇಳು. ಆಶಾರಾಣಿಗೆ ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಿದೆ. ಓದುತ್ತಾಳೆ, ಓದಿದ್ದಕ್ಕಿಂತ ಹೆಚ್ಚು ಹೊತ್ತು ಪುಸ್ತಕಕ್ಕೆ ಬಣ್ಣ ಬಳಿಯುತ್ತಾಳೆ. ಬೆಳಿಗ್ಗೆ ಉಪ್ಪಿಟ್ಟು ಅವಳದೇ. ನಾಲ್ಕು ದಿನ ಉಪ್ಪು ಜಾಸ್ತಿ, ಐದನೇ ದಿನ ಉಪ್ಪೇ ಇಲ್ಲ, ನಾವು ಬಾಯಿ ಮುಚ್ಚಿಕೊಂಡು ತಿಂದೆವು. ನಿನ್ನ ಮಾವನವರು ವಾರಕ್ಕೆರಡು ಸಲ ಬಸ್ಸು ಹತ್ತಿ ಆನಗೋಡಿನ ಹೊಲಕ್ಕೆ ಹೋಗಿ ಬರುತ್ತಾರೆ, ಜೋಳ ಕೊಯ್ಲಿಗೆ ಬಂದಿದೆಯಂತೆ. ಮೊನ್ನೆ ಅವರೇ ತಮ್ಮ ಪಂಚೆ ಒಗೆದುಕೊಂಡರು. ಒಗೆದುಕೊಂಡರು ಎಂದೆ, ಬೆಳ್ಳಗಾಯಿತು ಎನ್ನಲಿಲ್ಲ. ನೀನು ದಿನಾ ಎಂಬತ್ತು ರೊಟ್ಟಿ ತಟ್ಟಿ ಕಳಿಸುತ್ತಿದ್ದೆಯಲ್ಲ, ಆ ಮಂಡಿಪೇಟೆಯ ಖಾನಾವಳಿಯವರು ಎರಡು ಸಲ ಬಂದು ಕೇಳಿ ಹೋದರು. ನಿನ್ನ ಜಾಗದಲ್ಲಿ ನಾನು ಒಂದು ದಿನ ಕೂತು ನೋಡಿದೆ. ಇಪ್ಪತ್ತನೆಯ ರೊಟ್ಟಿಗೆ ನನಗೆ ಸಾಕಾಗಿ ಹೋಯಿತು. ಮೂರು ತಿಂಗಳು ರೊಟ್ಟಿ ಇಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದೆ. ಎಂಟು ವರ್ಷದ ಗಿರಾಕಿ ಕೈತಪ್ಪಿತೆಂದು ನೀನು ಮರುಗಬೇಡ. ಹೋದರೆ ಹೋಗಲಿ.

ಇನ್ನು ನಡೆದದ್ದು. ಅದು ನಿನಗೆ ಗೊತ್ತಿರುವುದೇ, ನಿನ್ನ ಮೈ ಮೇಲೆ ನಡೆದದ್ದೇ. ಆದರೆ ನನ್ನ ತಲೆಯಲ್ಲಿ ಅದು ಹೇಗೆ ನಡೆಯಿತೆಂದು ನಿನಗೆ ಗೊತ್ತಿಲ್ಲ, ಅದನ್ನು ಹೇಳುತ್ತೇನೆ, ಬೇಸರವಾದರೂ ಓದು. ಮೂರು ವರ್ಷ ನೀನು ತಿಂಗಳಲ್ಲಿ ಹದಿನೈದು ದಿನ ಮುಟ್ಟಿನಲ್ಲೇ ಇದ್ದೆ. ಮುಖ ಬಿಳಿಚಿ ಹೋಗಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಗರ್ಭಕೋಶದಲ್ಲಿ ಗಡ್ಡೆಗಳಿವೆ ಎಂದು ಡಾಕ್ಟರಮ್ಮ ಒಂದು ವರ್ಷ ಮಾತ್ರೆ ಕೊಟ್ಟರು, ಇಂಜೆಕ್ಷನ್ ಕೊಟ್ಟರು, ಕೊನೆಗೆ ಎಲ್ಲರನ್ನೂ ಕೂರಿಸಿಕೊಂಡು ತೆಗೆಸುವುದೇ ಸರಿ ಎಂದರು. ಹೊಟ್ಟೆ ಕೊಯ್ದು ತೆಗೆಯಬಹುದು, ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಹಾಕಿ ತೆಗೆಯಬಹುದು, ಇಲ್ಲವೇ ಅದನ್ನೇ ರೋಬೋಟಿನ ಕೈಯಿಂದ ಮಾಡಬಹುದು. ಆಶಾರಾಣಿ ಹುಟ್ಟುವಾಗ ನಿನಗೆ ಸಿಸೇರಿಯನ್ ಆಗಿದ್ದರಿಂದ ಒಳಗೆ ಅಂಟಿಕೊಂಡಿರುವ ಸಂಭವವಿದೆ, ಬಿಡಿಸುವುದು ನಾಜೂಕಿನ ಕೆಲಸ, ನಿನ್ನಂಥವಳಿಗೆ ರೋಬೋಟು ಅನುಕೂಲ ಎಂದು ತಾಳ್ಮೆಯಿಂದ ಹೇಳಿದರು. ನಿನ್ನ ಮಾವನವರು ಬಿಡಬೇಕಲ್ಲ. "ಮಿಷನ್ನಿಗೆ ಹೆಂಗೆ ಗೊತ್ತಾಗ್ತೈತ್ರಿ, ಯಾವುದು ತೆಗೀಬೇಕು ಯಾವುದು ಬಿಡಬೇಕು ಅಂತ? ನಡುವೆ ಕರೆಂಟ್ ಹೋದ್ರೆ?" ಡಾಕ್ಟರಮ್ಮ ನಕ್ಕು, "ಅಜ್ಜಾ, ಮಿಷನ್ ತಾನಾಗೇ ಏನೂ ಮಾಡಂಗಿಲ್ರಿ. ಪಕ್ಕದಾಗ ಕೂತು ನಾನು ಕೈ ಆಡಿಸಿದಂಗೆ ಅದು ಆಡತೈತೆ, ಅಷ್ಟೇ. ಕರೆಂಟಿಗೆ ನಮ್ಮಲ್ಲಿ ಬೇರೆ ವ್ಯವಸ್ಥೆ ಐತ್ರಿ" ಎಂದರು. ನನ್ನ ಮಗ ವಿಜಯಕುಮಾರ ನನ್ನ ಮುಖ ನೋಡಿದ, ನಾನು ಅವನ ಅಪ್ಪನ ಮುಖ ನೋಡಿದೆ. ಅಷ್ಟರಲ್ಲಿ ನೀನು ಬಾಯಿ ಬಿಟ್ಟೆ. "ಹೊಟ್ಟೆ ನಂದು, ನಾನೇ ಹೇಳ್ತೀನ್ರಿ. ರೋಬೋಟ್ ಮಾಡ್ರಿ." ಹದಿನೇಳು ವರ್ಷದ ಸಂಸಾರದಲ್ಲಿ ನೀನು ಎಲ್ಲರಿಗಿಂತ ಮೊದಲು ತೀರ್ಮಾನ ಹೇಳಿದ್ದು ಅದೊಂದೇ ಸಲ.

ಡಾಕ್ಟರಮ್ಮ ಆಮೇಲೂ ಹೇಳಿದ್ದರು. ಹೊರಗಿನ ಗಾಯ ಬೇಗ ಮಾಗುತ್ತದೆ, ಎರಡು ಮೂರು ದಿನಕ್ಕೆ ಮನೆಗೆ ಹೋಗಬಹುದು, ಆದರೆ ಒಳಗೆ ಮಾಗಲು ಸಮಯ ಬೇಕು, ಭಾರ ಎತ್ತಬಾರದು, ನಾನು ಹೇಳುವವರೆಗೆ ಮೈಬಗ್ಗಿಸಿ ದುಡಿಯಬಾರದು ಎಂದು. ನನ್ನ ಕಿವಿ ಎರಡು ಮೂರು ದಿನ ಎಂಬಲ್ಲಿಗೇ ನಿಂತುಬಿಟ್ಟಿತು. ವಿಜಯಕುಮಾರನ ಕಿವಿಯೂ ಅಷ್ಟೇ. ಅವನು ಬಿಲ್ಲು ಬರೆಯುವ ಅಂಗಡಿಯಿಂದ ಹಿಡಿದು ಇಡೀ ಮಂಡಿಪೇಟೆಗೆ "ನಮ್ಮನಿಯಾಗ ರೋಬೋಟ್ ಆಪರೇಷನ್ ಆಗೈತೆ, ಮೂರನೇ ದಿನಕ್ಕೆ ಮನಿಗೆ ಬಂದಾಳ" ಎಂದು ಹೇಳಿಕೊಂಡು ತಿರುಗಿದ. ಮೊಬೈಲಿನಲ್ಲಿ ಯಾವುದೋ ಮಿಷನ್ನಿನ ಚಿತ್ರ ಬೇರೆ ತೋರಿಸುತ್ತಿದ್ದ. ಗಂಡ ಅಂದರೆ ಅವನು ಎಂದು ಊರಿನಿಂದ ಹೇಳಿಸಿಕೊಂಡ, ಕೊಯ್ಸಿಕೊಂಡವಳು ನೀನು.

ಆಪರೇಷನ್ ಆದ ದಿನ, ಜನವರಿ ಆರು, ಸೋಮವಾರ, ನರ್ಸ್ ಸುಮೈರಾ ಬಾಗಿಲು ತೆರೆದು ನಿನ್ನ ಮನೆಯವರನ್ನು ಕರೆದಳು. ತೆಗೆದದ್ದನ್ನು ಮನೆಯವರಿಗೆ ತೋರಿಸುವುದು ಅವರ ಪದ್ಧತಿ. ವಿಜಯಕುಮಾರ ಸ್ಟೀಲಿನ ತಟ್ಟೆ ನೋಡಿದವನೇ ಗೋಡೆ ಹಿಡಿದು ಬೆಂಚಿನ ಮೇಲೆ ಕೂತ. ನಾನು ನೋಡಿದೆ. ಗಡ್ಡೆಗಳಿಂದ ಉಬ್ಬಿ ಮುಷ್ಟಿಗಿಂತ ದೊಡ್ಡದಾಗಿತ್ತು. ನಮ್ಮ ಆಶಾರಾಣಿ ಒಂಬತ್ತು ತಿಂಗಳು ಇದ್ದ ಜಾಗ ಅನ್ನಿಸಿ ಕಣ್ಣಲ್ಲಿ ನೀರು ಬಂತು, ನಿಜವಾಗಿಯೂ ಬಂತು. ಆಮೇಲೆ, "ಬೆರಳು ತೂರದಷ್ಟು ತೂತಿನಾಗ ಇಷ್ಟು ದೊಡ್ಡದು ಹೆಂಗೆ ಹೊರಗೆ ಬಂತವ್ವ?" ಎಂದು ಸುಮೈರಾಳನ್ನು ಕೇಳಿದೆ. ಅವಳು ನನ್ನ ಕಿವಿಯ ಹತ್ತಿರ ಬಗ್ಗಿ, ಹೊಟ್ಟೆಯಿಂದ ಅಲ್ಲ ಅಜ್ಜಿ, ಮಗು ಬರುವ ದಾರಿಯಿಂದಲೇ ತೆಗೆಯುತ್ತಾರೆ, ಆಮೇಲೆ ಆ ದಾರಿಯ ಮೇಲ್ತುದಿಯನ್ನು... ಎಂದು ಹೇಳತೊಡಗಿದಳು. ನನಗೆ ನಾಚಿಕೆಯಾಯಿತು. ಮಗ ಎದುರಿಗೇ ಕೂತಿದ್ದ. ಸೆರಗನ್ನು ಬಾಯಿಗೆ ಹಿಡಿದು "ಸಾಕು ಬಿಡವ್ವ, ಆತು" ಎಂದುಬಿಟ್ಟೆ. ಪೂರ್ತಿ ಕೇಳಿಸಿಕೊಂಡಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ನಮ್ಮ ಕಡೆ ಹೆಂಗಸರಲ್ಲಿ ಒಂದು ಲೆಕ್ಕವಿದೆ, ನಿನಗೆ ಅದನ್ನು ಯಾರೂ ಹೇಳಿರಲಿಕ್ಕಿಲ್ಲ. ಹೊಲಿಗೆಗೊಂದು ವಾರ. ಆನಗೋಡಿನಲ್ಲಿ ಯಾರಿಗೇ ಆಪರೇಷನ್ ಆಗಲಿ, ಎಷ್ಟು ಹೊಲಿಗೆ ಬಿದ್ದಿವೆಯೋ ಅಷ್ಟು ವಾರ ಅವಳನ್ನು ಕೆಲಸಕ್ಕೆ ಕರೆಯುವ ಹಾಗಿಲ್ಲ. ನಮ್ಮ ಓಣಿಯ ರಂಗವ್ವನಿಗೆ ಗರ್ಭಚೀಲ ತೆಗೆಸಿದಾಗ ಹನ್ನೆರಡು ಹೊಲಿಗೆ, ಮೂರು ತಿಂಗಳು ಅವಳು ಕಸಬರಿಗೆ ಮುಟ್ಟಲಿಲ್ಲ. ಅತ್ತೆ ಗೊಣಗಿದರೆ ಸೆರಗು ಸರಿಸಿ ಹೊಟ್ಟೆ ತೋರಿಸುತ್ತಿದ್ದಳು, ಬಸ್ಸಿನಲ್ಲಿ ಪಾಸು ತೋರಿಸಿದ ಹಾಗೆ. ಅತ್ತೆ ಸುಮ್ಮನಾಗುತ್ತಿದ್ದಳು. ಆ ಲೆಕ್ಕವನ್ನು ಮಾಡಿದವರು ಯಾರೋ ಪುಣ್ಯಾತ್ಗಿತ್ತಿಯೇ ಇರಬೇಕು, ಹೆಂಗಸಿಗೆ ನೋವಿದೆ ಎಂದರೆ ಯಾರೂ ನಂಬುವುದಿಲ್ಲ, ಹೊಲಿಗೆಯನ್ನಾದರೂ ನಂಬಲಿ ಎಂದು. ಅದೇ ಲೆಕ್ಕವನ್ನು ನಾನು ನಿನ್ನ ಮೇಲೆ ತಿರುಗಿಸಿದೆ. ನೀನು ಮನೆಗೆ ಬಂದ ಮರುದಿನ ಬಟ್ಟೆ ಬದಲಿಸುವಾಗ ನಾನು ನಿನ್ನ ಹೊಟ್ಟೆಯನ್ನು ನೋಡಿದೆ. ನಾಲ್ಕು ರಂಧ್ರ. ಎರಡಕ್ಕೆ ಒಂದೊಂದು ಹೊಲಿಗೆ, ಉಳಿದೆರಡಕ್ಕೆ ಬರೀ ಅಂಟು. ಎರಡು ಹೊಲಿಗೆ, ಎರಡು ವಾರ ಎಂದು ಮನಸ್ಸಿನಲ್ಲೇ ಗೆರೆ ಎಳೆದುಬಿಟ್ಟೆ. ಅಂಟಿನದು ಲೆಕ್ಕಕ್ಕೇ ಇಲ್ಲ ಎಂದುಕೊಂಡೆ.

ಹದಿನೈದನೆಯ ದಿನ ಬೆಳಿಗ್ಗೆ ನಿನ್ನ ಚಾಪೆಯ ಹತ್ತಿರ ಬಂದು ನಾನು ಹೇಳಿದ ಮಾತುಗಳು ನಿನಗೂ ನೆನಪಿರುತ್ತವೆ, ನನಗೂ ಇವೆ. "ಎರಡು ವಾರ ಆತಲ್ಲ, ಏಳವ್ವ ಇನ್ನ. ಹೊಲಿಗೆ ಮಾಗ್ಯಾವ. ಖಾನಾವಳಿಯೋರು ದಿನಾ ಕೇಳ್ತಾರ." ನೀನು, "ಇನ್ನೂ ಒಳಗ ಎಳೆದಂಗೆ ಆಗತೈತ್ರಿ ಅತ್ತಿ" ಎಂದೆ. ಅದಕ್ಕೆ ನಾನು, "ನಾನು ಹಡೆದ ಹನ್ನೊಂದನೇ ದಿನಕ್ಕೆ ಹೊಲಕ್ಕ ಹೋಗಿ ಜೋಳದ ಸೊಪ್ಪೆ ಹೊರೆ ಹೊತ್ತೀನಿ, ನಂಗೇನಾಗೈತೆ?" ಎಂದೆ. ನೀನು ಎದ್ದು ಮುಖ ತೊಳೆದು ಒಲೆಯ ಮುಂದೆ ಕೂತೆ. ನಲವತ್ತು ರೊಟ್ಟಿ ತಟ್ಟಿದೆ. ನಾನು ಪಡಸಾಲೆಯಲ್ಲಿ ಕೂತು ರೊಟ್ಟಿ ತಟ್ಟುವ ಸದ್ದು ಕೇಳುತ್ತ ಅವರೆಕಾಯಿ ಸುಲಿಯುತ್ತಿದ್ದೆ, ಮನೆ ಮತ್ತೆ ಸರಿಹೋಯಿತು ಅನ್ನಿಸಿತ್ತು. ಆಮೇಲೆ ಬಾಗಿಲಿಗೆ ನೀರಿನ ಕ್ಯಾನು ಬಂತು. ಇಪ್ಪತ್ತು ಲೀಟರಿನದು. ನೀನು ಎತ್ತಿದ್ದನ್ನು ನಾನು ನೋಡಿದೆ, ಅಂಬಿಕಾ. ನೋಡಿ ಬೇಡ ಎನ್ನಲಿಲ್ಲ. ಅಡುಗೆಮನೆಯಿಂದ "ಅಜ್ಜಿ, ಅಮ್ಮನ ಸೀರಿ ನೋಡು" ಎಂದು ಆಶಾರಾಣಿ ಕಿರುಚಿದಾಗಲೇ ನಾನು ಎದ್ದದ್ದು.

ಆಟೋದಲ್ಲಿ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಗುಂಡಿಗಳೆಲ್ಲ ಆ ರಸ್ತೆಯಲ್ಲೇ ಇವೆಯೇನೋ ಅನ್ನಿಸಿತು. ಡಾಕ್ಟರಮ್ಮ ನೋಡಿ ಹೊರಗೆ ಬಂದು ನನ್ನನ್ನು ಬೈದರು, ಬೈಯಲಿ, ನಾನು ಬೈಸಿಕೊಳ್ಳಲೇಬೇಕಾದವಳು. ಒಳಗಿನ ಹೊಲಿಗೆ ಬಿಚ್ಚಿಲ್ಲ, ನಿಮ್ಮ ಅದೃಷ್ಟ, ಬಿಚ್ಚಿದ್ದರೆ ಮತ್ತೆ ಥಿಯೇಟರಿಗೆ ಒಯ್ಯಬೇಕಿತ್ತು, ಪ್ರಾಣಕ್ಕೇ ಬರಬಹುದಿತ್ತು ಎಂದರು. ಒಳಗೆ ಹೊಲಿಗೆ ಇರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಸುಮೈರಾ ನನ್ನನ್ನು ಕೂರಿಸಿಕೊಂಡು ಮಾತ್ರೆ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದಳು. ಈ ಸಲ ನಾನು ಸೆರಗು ಬಾಯಿಗೆ ಹಿಡಿಯಲಿಲ್ಲ. ಗರ್ಭಕೋಶ ತೆಗೆದ ಮೇಲೆ ಆ ದಾರಿಯ ಮೇಲ್ತುದಿ ತೆರೆದೇ ಉಳಿಯುತ್ತದೆ, ಅದನ್ನು ಚೀಲದ ಬಾಯಿಯಂತೆ ಹೊಲಿದು ಮುಚ್ಚಿರುತ್ತಾರೆ, ಭಾರ ಎತ್ತಿದರೆ ಎಲ್ಲ ಒತ್ತಡ ಬೀಳುವುದು ಅಲ್ಲಿಗೇ. ಎಷ್ಟು ಹೊಲಿಗೆ ಎಂದು ಕೇಳಿದೆ, ನೋಡು ನನ್ನ ಬುದ್ಧಿ, ಆಗಲೂ ಅದನ್ನೇ ಕೇಳಿದೆ. "ಅದು ಎಣಿಸೋ ಹೊಲಿಗೆ ಅಲ್ರಿ ಅಜ್ಜಿ, ಒಂದೇ ದಾರದಾಗ ಹೊಲಕಂತ ಹೋಗಿರ್ತಾರ" ಎಂದಳು. ಆ ಹುಡುಗಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಕನಿಕರವಿತ್ತು. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ಮೂರನೇ ದಿನ ಬೀಗತಿಯವರು ಹರಿಹರದಿಂದ ಬಂದು ನಿನ್ನನ್ನು ಆಸ್ಪತ್ರೆಯಿಂದ ನೇರ ಅಲ್ಲಿಗೇ ಕರೆದುಕೊಂಡು ಹೋದರು. ನಾನು ಗಂಜಿಯ ಫ್ಲಾಸ್ಕು ಹಿಡಿದು ನಿಂತಿದ್ದೆ. ನೀನು ಕಾರು ಹತ್ತುವ ಮೊದಲು ತಿರುಗಿ ಹೇಳಿದೆಯಲ್ಲ, "ನೋವು ಐತೇನು ಅಂತ ಒಂದ್ಸಲ ಕೇಳಲಿಲ್ರಿ ಅತ್ತಿ ನೀವು. ಎಣಿಸಿದ್ರಿ." ಜೋರಾಗಿ ಹೇಳಲಿಲ್ಲ ನೀನು. ಬೀಗತಿಯವರು ಬೈದಿದ್ದರೆ ನಾನೂ ಎದುರು ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ, ಅವರೂ ಬೈಯಲಿಲ್ಲ. ಫ್ಲಾಸ್ಕನ್ನು ಮನೆಗೆ ತಂದು ಗಂಜಿಯನ್ನು ನಾನೇ ಕುಡಿದೆ. ಚೆಲ್ಲಲು ಮನಸ್ಸು ಬರಲಿಲ್ಲ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ, ಇದು ನಿನಗೆ ಗೊತ್ತಿಲ್ಲದ್ದು. ಏನಾಯಿತು ಎಂದು ವಿಜಯಕುಮಾರ ಕೇಳಿದಾಗ, "ನಾನು ಬ್ಯಾಡ ಅಂದೆ, ಅವಳೇ ಎದ್ದು ಕೆಲಸಕ್ಕೆ ನಿಂತಳು" ಎಂದುಬಿಟ್ಟೆ. ಬಾಯಿಂದ ತಾನಾಗಿ ಬಂತು. ಅವನು ಅದನ್ನೇ ನಂಬಿದ. ಹಟ ಮಾಡಿ ಎದ್ದು ಹಟ ಮಾಡಿ ತವರಿಗೆ ಹೋದಳು ಎಂದುಕೊಂಡು, "ಭಾರತ ಹುಣ್ಣಿಮೆ ಒಳಗ ಬರ್ಲಿ, ಇಲ್ಲಂದ್ರ ನಾನಂತೂ ಮತ್ತೆ ಕರಿಯಾಕ ಹೋಗಂಗಿಲ್ಲ" ಎಂದು ಕೂತಿದ್ದ. ನಿನಗೂ ಹಾಗೆಯೇ ಫೋನಿನಲ್ಲಿ ಒರಟಾಗಿ ಮಾತಾಡಿದನೆಂದು ಆಶಾರಾಣಿ ಹೇಳಿದಳು. ಹತ್ತು ದಿನ ನಾನು ಸುಮ್ಮನೆ ನೋಡುತ್ತಿದ್ದೆ. ನನ್ನ ಒಂದು ಸುಳ್ಳಿಗೆ ನಿನ್ನ ಸಂಸಾರ ಬಿರುಕು ಬಿಡುತ್ತಿದ್ದರೂ ಮರ್ಯಾದೆ ಮರ್ಯಾದೆ ಎಂದು ಬಾಯಿ ಬಿಡಲಿಲ್ಲ. ಮೊನ್ನೆ ಭಾನುವಾರ ಅವನು ಊಟಕ್ಕೆ ಕೂತಾಗ ಎದುರಿಗೆ ಕೂತುಕೊಂಡು ಎಲ್ಲಾ ಹೇಳಿದೆ. ಎಬ್ಬಿಸಿದ್ದು ನಾನು, ಕ್ಯಾನು ಎತ್ತುವುದನ್ನು ನೋಡಿದ್ದು ನಾನು. ಅವನು ಕೈ ತೊಳೆದು ಎದ್ದುಹೋದ. ಎರಡು ದಿನವಾಯಿತು, ನನ್ನ ಹತ್ತಿರ ಮಾತಿಲ್ಲ. ನಿನ್ನ ಮಾವನವರು ಮಾತ್ರ, "ಹೇಳಿದ್ದು ಚಲೋ ಆತು" ಎಂದು ಪೇಪರು ಎತ್ತಿಕೊಂಡರು. ಬರುವ ಭಾನುವಾರ ಹರಿಹರಕ್ಕೆ ಬರುತ್ತೇನೆಂದು ಅವನು ಆಶಾರಾಣಿಗೆ ಹೇಳಿದ್ದಾನೆ. ಕರೆದುಕೊಂಡು ಬರಲು ಅಲ್ಲ, ನೋಡಲು. ಮಾತಾಡಿಸುವುದು ಬಿಡುವುದು ನಿನ್ನಿಷ್ಟ. ಅವನ ತಪ್ಪೂ ಇದೆ, ನನ್ನಷ್ಟು ಇಲ್ಲ.

ಯಾಕೆ ಹಾಗೆ ಮಾಡಿದೆ ಎಂದು ನಾನೇ ನನ್ನನ್ನು ಕೇಳಿಕೊಂಡಿದ್ದೇನೆ. ಲೆಕ್ಕ ತಪ್ಪಿತು ಎಂದರೆ ಅರ್ಧ ಸತ್ಯ. ಉಳಿದರ್ಧ ಹೊಟ್ಟೆಕಿಚ್ಚು. ನಗಬೇಡ. ಊರಿನ ಬಸುರಿ ಬಾಣಂತಿಯರಿಗೆಲ್ಲ ಭಾರ ಎತ್ತಬೇಡಿ, ಮಧ್ಯಾಹ್ನ ಮಲಗಿ ಎಂದು ಮೂವತ್ತೆರಡು ವರ್ಷ ಪಾಠ ಹೇಳಿದವಳು ನಾನು, ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುವುದು ನನ್ನಂಥವಳನ್ನು ನೋಡಿಯೇ ಇರಬೇಕು. ವಿಜಯಕುಮಾರ ಹುಟ್ಟಿದಾಗ ನನಗೆ ತವರಿನಲ್ಲಿ ಅವ್ವ ಇರಲಿಲ್ಲ, ಬಾಣಂತನ ಗಂಡನ ಮನೆಯಲ್ಲೇ ಆಯಿತು, ಆಯಿತು ಎಂದರೆ ಹತ್ತು ದಿನ ಆಯಿತು. ಜೋಳದ ಸುಗ್ಗಿ ನಡೆದಿತ್ತು, ಆಳು ಸಿಗಲಿಲ್ಲ, ನಮ್ಮ ಅತ್ತೆ ಹನ್ನೊಂದನೇ ದಿನ ಹೊರೆ ಹೊರಲು ನನ್ನ ತಲೆಗೆ ಸಿಂಬೆ ಇಟ್ಟರು. ಅವರೂ ಕೆಟ್ಟವರಲ್ಲ, ಅವರಿಗೆ ಅವರ ಅತ್ತೆ ಏಳನೇ ದಿನ ಇಟ್ಟಿದ್ದರಂತೆ. ನಾನು ಆವತ್ತು ನನ್ನ ಮೈ, ನಾನು ಹೊರುವುದಿಲ್ಲ ಎನ್ನಲಿಲ್ಲ, ಹಾಗೆ ಹೇಳಬಹುದೆಂದೇ ತಿಳಿದಿರಲಿಲ್ಲ. ನೀನು ಡಾಕ್ಟರಮ್ಮನ ಮುಂದೆ ಹೊಟ್ಟೆ ನಂದು ಎಂದಾಗ ನನಗೆ ಎಲ್ಲೋ ಚುಚ್ಚಿತು. ಕೊಯ್ಯದೆ, ನೋವಿಲ್ಲದೆ, ಮಿಷನ್ನಿನ ಕೈಯಿಂದ, ಎಸಿ ಕೋಣೆಯಲ್ಲಿ, ಸಾಲದ್ದಕ್ಕೆ ಮಲಗುವುದೂ ಬೇರೆ ಎಂದು ಒಳಗೊಳಗೇ ಕುದಿದೆ. ನಮಗೆ ಸಿಗದ್ದು ಇವಳಿಗೆ ಯಾಕೆ ಸಿಗಬೇಕು ಎಂಬ ಒಂದು ಮಾತು ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರನ್ನು ಚಾಪೆಯಿಂದ ಎಬ್ಬಿಸಿದೆಯೋ. ಅದನ್ನು ನಾನೂ ಹೇಳಿದೆ, ಬೇರೆ ಮಾತುಗಳಲ್ಲಿ. ತಪ್ಪಾಯಿತು ಅಂಬಿಕಾ. ವಯಸ್ಸಿನಲ್ಲಿ ದೊಡ್ಡವಳು ಹೀಗೆ ಬರೆಯಬಾರದು ಎನ್ನುತ್ತಾರೆ, ಬರೆದಿದ್ದೇನೆ, ಹರಿದು ಹಾಕಬೇಡ.

ನೀನು ಕ್ಷಮಿಸು ಎಂದು ಕೇಳುವುದಕ್ಕಿಂತ ಒಂದು ಕೆಲಸ ಹೇಳುತ್ತೇನೆ, ಅದನ್ನು ಮಾಡು. ಬರಬೇಡ. ಡಾಕ್ಟರಮ್ಮ ಸರಿ ಎನ್ನುವವರೆಗೆ, ಆಮೇಲೂ ನಿನಗೆ ಮನಸ್ಸಾಗುವವರೆಗೆ ಬರಬೇಡ. ಹುಣ್ಣಿಮೆ ಬರಲಿ, ಶಿವರಾತ್ರಿ ಬರಲಿ, ಯಾರೇ ಕರೆಯಲಿ. ಹುಣ್ಣಿಮೆಗೆ ಹೋಳಿಗೆ ಬೇಕೆಂದರೆ ಅಂಗಡಿಯಲ್ಲಿ ಸಿಗುತ್ತದೆ ಎಂದು ಇಲ್ಲಿಯವರಿಗೆ ಹೇಳಿದ್ದೇನೆ. ಆಶಾರಾಣಿಯ ಪರೀಕ್ಷೆಯ ಚಿಂತೆ ಬೇಡ, ಬೆಳಿಗ್ಗೆ ಅವಳನ್ನು ಎಬ್ಬಿಸುವ ಗಂಟಲು ಇನ್ನೂ ಗಟ್ಟಿಯಾಗಿದೆ. ಎಷ್ಟು ದಿನವಾಯಿತೆಂದು ಇಲ್ಲಿ ಯಾರೂ ಎಣಿಸುವುದಿಲ್ಲ. ಅಲ್ಲಿಯೂ ಬೀಗತಿಯವರಿಗೆ ಕಷ್ಟವಾದರೆ ಹೇಳು, ಅಕ್ಕಿ ಬೇಳೆ ನಿನ್ನ ಮಾವನವರ ಕೈಲಿ ಕಳಿಸುತ್ತೇನೆ, ಬೇಡ ಎನ್ನಬಾರದು.

ಬೀಗರಿಗೂ ಬೀಗತಿಗೂ ನನ್ನ ಶರಣಾರ್ಥಿ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಹಗಲು ಮಲಗು, ಯಾರು ಏನೆಂದಾರು ಎಂದು ಏಳಬೇಡ. ಕೊಟ್ಟೂರಜ್ಜ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನಿನ್ನ ಅತ್ತೆ
ಕೊಟ್ರವ್ವ

ವಿ.ಸೂ.: ಆಶಾರಾಣಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ, ಶಾಲೆಗೆ ಹೋಗುತ್ತ ಇದನ್ನು ಡಬ್ಬಿಗೆ ಹಾಕಬೇಕು, ಹೊತ್ತಾಯಿತೆಂದು ಕೂಗುತ್ತಿದ್ದಾಳೆ. ಕವರು ಅಂಟಿಸುವ ಮೊದಲು ಇದೊಂದು. ನಿನ್ನ ತಪಾಸಣೆ ಸೋಮವಾರ ಹದಿನೇಳಕ್ಕೆ ಅಲ್ಲವೇ? ನಾನೂ ಹತ್ತು ಗಂಟೆಗೆ ಆಸ್ಪತ್ರೆಗೆ ಬರುತ್ತೇನೆ. ನನ್ನ ಹೆಸರಿನಲ್ಲೂ ಒಂದು ಚೀಟಿ ಮಾಡಿಸು, ವಯಸ್ಸು ಅರವತ್ತೈದು ಎಂದು ಬರೆಸು. ಹನ್ನೊಂದನೇ ದಿನ ಹೊತ್ತ ಹೊರೆಯಿಂದ ನನಗೆ ಏನೂ ಆಗಿಲ್ಲ ಎಂದದ್ದು ಸುಳ್ಳು. ಅಂದಿನಿಂದಲೇ ಗರ್ಭಕೋಶ ಜಾರಿತು. ಮೊದಲು ಕೆಳಗೆ ಎಳೆದಂತಾಗುತ್ತಿತ್ತು, ಆಮೇಲೆ ಹೊರಗೇ ಬರತೊಡಗಿತು. ನಲವತ್ತೊಂದು ವರ್ಷದಿಂದ ಒಳಗೆ ತಳ್ಳಿಕೊಂಡು, ಬಟ್ಟೆ ಒತ್ತಿ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಈಗ ಆರು ತಿಂಗಳಿಂದ ಮೂತ್ರವೂ ಸರಿಯಾಗಿ ಹೋಗುತ್ತಿಲ್ಲ. ಇದೇ ತೊಂದರೆಯಿದ್ದ ನಾಲ್ಕು ಹೆಂಗಸರನ್ನು ಅಂಗನವಾಡಿಯಿಂದ ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ, ನಾನು ಹೋಗಲಿಲ್ಲ. ನಿನ್ನ ಮಾವನವರಿಗೆ ಗೊತ್ತಿರಬೇಕು, ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುತ್ತಿರುವುದು ನಿನಗೇ ಮೊದಲು. ರೋಬೋಟೋ, ಕೈಯೋ, ಕೊಯ್ಯುವುದೋ, ನನಗೆ ಯಾವುದು ಸರಿಯೋ ಅದನ್ನು ಆ ಡಾಕ್ಟರಮ್ಮನೇ ಹೇಳಲಿ. ಏನು ತೊಂದರೆ ಎಂದು ಕೇಳಿದಾಗ ನನ್ನ ಪರವಾಗಿ ನೀನು ಹೇಳವ್ವ, ಬರೆಯುವುದು ಬರೆದೆ, ಬಾಯಲ್ಲಿ ಹೇಳಲಾರೆ. ಆಮೇಲೆ ಎಷ್ಟು ದಿನ ಮಲಗಬೇಕೆಂದೂ ಕೇಳಿಕೋ. ನನಗೂ ಮಲಗಬೇಕಾಗಿದೆ.